ಪಿಂಚಣಿಯೂ ಒಂದು ಸಾಲವೇ: ನಗರಗಳ ಲೆಕ್ಕ ನಮಗೇಕೆ ಬೇಕು?

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸರ್ಕಾರದ ಬಜೆಟ್ ಬಗ್ಗೆ ಒಂದು ಅಧ್ಯಾಯವಿದೆ. ಕಂದಾಯ ಕೊರತೆ, ವಿತ್ತೀಯ ಕೊರತೆ, ಪ್ರಾಥಮಿಕ ಕೊರತೆ ಎಂದು ಮೂರು ವ್ಯಾಖ್ಯೆಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಪಾಠ ಮುಗಿದ ಮೇಲೂ ಎರಡು ಪ್ರಶ್ನೆ ನನ್ನಲ್ಲಿ ಉಳಿದವು. ಒಂದು ದೊಡ್ಡ ನಗರ ಸಾಲ ಮಾಡಿದರೆ ಅದನ್ನು ತೀರಿಸುವವರು ಯಾರು? ನಿವೃತ್ತರಾದವರಿಗೆ ಸಾಯುವವರೆಗೂ ಕೊಡುತ್ತೇವೆ ಎಂದ ಪಿಂಚಣಿಯ ಹಣ ಎಲ್ಲಿಂದ ಬರುತ್ತದೆ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಳಂದ, ಅಫಜಲಪುರ, ಜೇವರ್ಗಿಯ ನಮಗೆ ಬೆಂಗಳೂರಿನ ಸಾಲದ ಚಿಂತೆ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮೂರೂ ತಾಲೂಕುಗಳಿಂದ ಎಷ್ಟೋ ಕುಟುಂಬಗಳು ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗುತ್ತವೆ. ನಮ್ಮಲ್ಲಿ ಅನೇಕರು ನಾಳೆ ಅದೇ ಊರುಗಳಲ್ಲಿ ಕೆಲಸ ಹುಡುಕುತ್ತೇವೆ. ಅಲ್ಲಿಯ ಲೆಕ್ಕ ತಪ್ಪಿದರೆ ಅದರ ಬಿಸಿ ನಮಗೂ ತಟ್ಟುತ್ತದೆ. ಅಷ್ಟೇ ಅಲ್ಲ, ಇದೇ ಕಥೆಯ ಒಂದು ತುಣುಕು ನಮ್ಮ ಬಸ್ ನಿಲ್ದಾಣದಲ್ಲೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಸಾಲ ಯಾವಾಗ ಒಳ್ಳೆಯದು, ಯಾವಾಗ ಕೆಟ್ಟದ್ದು?

ಸಾಲ ಎಂದ ಕೂಡಲೇ ಕೆಟ್ಟದ್ದು ಎಂದುಕೊಳ್ಳಬೇಕಿಲ್ಲ. ರೈತ ಸಾಲ ಮಾಡಿ ಬೋರ್‌ವೆಲ್ ಕೊರೆಸಿದರೆ, ನೀರು ಬಿದ್ದರೆ, ಬೆಳೆ ಬಂದು ಸಾಲ ತೀರುತ್ತದೆ. ಅದೇ ರೈತ ದಿನಸಿಗೆ ಸಾಲ, ಆ ಸಾಲದ ಕಂತಿಗೆ ಅಡತಿಯಲ್ಲಿ ಇನ್ನೊಂದು ಸಾಲ ಮಾಡಿದರೆ ತೊಗರಿ ರಾಶಿ ಮನೆಗೆ ಬರುವ ಮೊದಲೇ ಮಾರಾಟವಾಗಿರುತ್ತದೆ. ನಗರಕ್ಕೂ ಇದೇ ನಿಯಮ. ಐವತ್ತು ವರ್ಷ ಬಾಳುವ ನೀರಿನ ಕೊಳವೆಗೆ ಸಾಲ ಮಾಡಿದರೆ, ಐವತ್ತು ವರ್ಷ ನೀರು ಕುಡಿಯುವವರು ಅದನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುವುದು ನ್ಯಾಯ. ಈ ತಿಂಗಳ ಸಂಬಳಕ್ಕೆ ಸಾಲ ಮಾಡಿದರೆ, ಇಂದಿನ ಕೆಲಸದ ಬೆಲೆಯನ್ನು ನಾಳೆಯವರ ತಲೆಗೆ ಕಟ್ಟಿದಂತೆ.

ಬೆಂಗಳೂರು ಎರಡು ಬಗೆಯ ಸಾಲವನ್ನೂ ಕಂಡಿದೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಹೊರತಂದಿತು. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. ಭಾರತದಲ್ಲಿ ಒಂದು ನಗರ ಹೀಗೆ ಬಾಂಡ್ ಮೂಲಕ ಹಣ ಎತ್ತಿದ್ದು ಅದೇ ಮೊದಲು. 2007ರಲ್ಲಿ ಸುತ್ತಲಿನ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳು ಸೇರಿ ಪಾಲಿಕೆ ಬಿಬಿಎಂಪಿ ಆಯಿತು. ಊರು ಒಮ್ಮೆಲೇ ಹಲವು ಪಟ್ಟು ಹಿಗ್ಗಿತು. ರಸ್ತೆ, ಚರಂಡಿ, ಬೀದಿದೀಪ ಬೇಕಾದ ಜಾಗ ಹೆಚ್ಚಿತು. ಆಸ್ತಿ ತೆರಿಗೆ ಅದೇ ವೇಗದಲ್ಲಿ ಬರಲಿಲ್ಲ.

ಕೊನೆಗೆ ಕಳೆದ ದಶಕದಲ್ಲಿ ಪಾಲಿಕೆ ತನ್ನ ಆಸ್ತಿಗಳನ್ನೇ ಹುಡ್ಕೋ ಸಂಸ್ಥೆಗೆ ಅಡಮಾನ ಇಟ್ಟಿತು. ಕೆ.ಆರ್. ಮಾರುಕಟ್ಟೆ, ಮಲ್ಲೇಶ್ವರ ಮಾರುಕಟ್ಟೆ, ಜಾನ್ಸನ್ ಮಾರುಕಟ್ಟೆ, ಮೇಯೋ ಹಾಲ್ ಆ ಪಟ್ಟಿಯಲ್ಲಿದ್ದವು. ಮನೆಯವರು ತಾಳಿ, ಬಳೆ ಗಿರವಿ ಇಟ್ಟಂತೆ ಊರು ತನ್ನ ಸಂತೆಯನ್ನೇ ಗಿರವಿ ಇಟ್ಟಿತ್ತು. ಮುಂದಿನ ವರ್ಷಗಳಲ್ಲಿ ಪಾಲಿಕೆ ಸಾಲ ಕಟ್ಟುತ್ತಾ ಅವುಗಳನ್ನು ಒಂದೊಂದಾಗಿ ಬಿಡಿಸಿಕೊಂಡಿತು. ಆದರೆ ಕಂತಿಗೆ ಹೋದ ಹಣ ಅಷ್ಟೂ ಹೊಸ ಕೆಲಸಕ್ಕೆ ಸಿಗದೆ ಹೋದ ಹಣ. ಗುತ್ತಿಗೆದಾರರ ಬಿಲ್‌ಗಳೂ ವರ್ಷಗಟ್ಟಲೆ ಬಾಕಿ ಉಳಿಯುತ್ತಿದ್ದವು. ಅದು ಕಾಗದದಲ್ಲಿ ಸಾಲವೆಂದು ಕಾಣದ ಸಾಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಹೆಸರು ಬದಲಾದರೂ ಕೊಡಬೇಕಾದ ಬಾಕಿ ಮಾಯವಾಗುವುದಿಲ್ಲ.

ಪಿಂಚಣಿ ಹೇಗೆ ಸಾಲವಾಗುತ್ತದೆ?

ಬ್ಯಾಂಕಿನಿಂದ ತಂದದ್ದು ಮಾತ್ರ ಸಾಲವಲ್ಲ. 'ಇವತ್ತು ದುಡಿ, ಮುಪ್ಪಿನಲ್ಲಿ ನಿನ್ನನ್ನು ನೋಡಿಕೊಳ್ಳುತ್ತೇನೆ' ಎಂದು ಕೊಟ್ಟ ಮಾತು ಕೂಡ ಸಾಲವೇ. ವ್ಯತ್ಯಾಸ ಒಂದೇ. ಬ್ಯಾಂಕ್ ಸಾಲ ಮೊದಲ ದಿನದಿಂದಲೇ ಲೆಕ್ಕದಲ್ಲಿ ಕಾಣುತ್ತದೆ. ಹಳೆಯ ಪದ್ಧತಿಯ ಪಿಂಚಣಿ, ನೌಕರ ನಿವೃತ್ತನಾಗಿ ಹಣ ಕೊಡುವ ವರ್ಷ ಬರುವವರೆಗೂ ಬಜೆಟ್ಟಿನಲ್ಲಿ ಖರ್ಚಾಗಿ ಕಾಣುವುದೇ ಇಲ್ಲ.

ಒಂದು ಕಾಲ್ಪನಿಕ ಊರನ್ನು ತೆಗೆದುಕೊಳ್ಳೋಣ. ಅಲ್ಲಿ 100 ನೌಕರರು, 20 ನಿವೃತ್ತರು. ಐವರು ದುಡಿದರೆ ಒಬ್ಬರ ಪಿಂಚಣಿ ಸುಲಭವಾಗಿ ಹೊರಡುತ್ತದೆ. ಮೂವತ್ತು ವರ್ಷದ ನಂತರ ಆ ಊರಿನಲ್ಲಿ ಹೊಸ ನೇಮಕಾತಿ ನಿಂತು 60 ನೌಕರರು, 90 ನಿವೃತ್ತರು ಎಂದಾದರೆ? ಜನರ ಆಯಸ್ಸೂ ಹೆಚ್ಚಿದೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ ಸುಮಾರು 70. ಹೆಚ್ಚು ಕಾಲ ಬದುಕುವುದು ಸಂತೋಷದ ವಿಷಯವೇ. ಆದರೆ ಅದಕ್ಕೆ ಮೊದಲೇ ಹಣ ಎತ್ತಿಡಬೇಕು.

ಎತ್ತಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡೆಟ್ರಾಯಿಟ್ ಉದಾಹರಣೆ. ಕಾರು ಕಾರ್ಖಾನೆಗಳ ಆ ನಗರದಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಾರ್ಖಾನೆಗಳು ಹೋದವು, ಜನ ಊರು ಬಿಟ್ಟರು, ಜನಸಂಖ್ಯೆ 7 ಲಕ್ಷದ ಆಸುಪಾಸಿಗೆ ಇಳಿಯಿತು. ತೆರಿಗೆ ಕೊಡುವವರು ಹೋದರು, ಪಿಂಚಣಿ ಪಡೆಯುವವರು ಉಳಿದರು. ನಿವೃತ್ತರ ಸಂಖ್ಯೆ ಕೆಲಸದಲ್ಲಿದ್ದವರ ಸುಮಾರು ಎರಡು ಪಟ್ಟಾಯಿತು. 2013ರ ಜುಲೈನಲ್ಲಿ ನಗರ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಹಾಕಿತು. ಹೊಣೆ ಸುಮಾರು 18 ಶತಕೋಟಿ ಡಾಲರ್. ಸಾಲ ತೀರಿಸಲು ಊರಿನ ಕಲಾ ಸಂಗ್ರಹಾಲಯದ ಚಿತ್ರಗಳನ್ನು ಮಾರಬೇಕು ಎಂಬ ಮಾತೂ ಬಂತು. ದಾನಿ ಸಂಸ್ಥೆಗಳು ಮತ್ತು ರಾಜ್ಯ ಸರ್ಕಾರ ಹಣ ಕೊಟ್ಟು ಅದನ್ನು ತಪ್ಪಿಸಿದವು. ಆದರೂ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ. 4.5 ಕಡಿತವಾಯಿತು, ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವೂ ನಿಂತಿತು. ಮೂವತ್ತು ವರ್ಷ ಕಸ ಎತ್ತಿದವರು, ಕಚೇರಿಯಲ್ಲಿ ಗುಮಾಸ್ತರಾಗಿದ್ದವರು ಮಾಡದ ತಪ್ಪಿಗೆ ತಾವು ತೆತ್ತರು.

ನಮ್ಮಲ್ಲಿ ನಗರಪಾಲಿಕೆ ಹೀಗೆ ದಿವಾಳಿ ಅರ್ಜಿ ಹಾಕುವ ಕಾನೂನಿಲ್ಲ. ಹಾಗೆಂದು ನಾವು ಸುರಕ್ಷಿತ ಎಂದಲ್ಲ. ಇಲ್ಲಿ ನಗರ ದಿವಾಳಿಯಾಗುವ ಬದಲು ಹಣ ತಡವಾಗುತ್ತದೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯನ್ನು ನೋಡಿ. ತನ್ನ ನಿವೃತ್ತ ನೌಕರರ ಪಿಂಚಣಿಯನ್ನು ಅದು ಹಲವು ವರ್ಷ ಸ್ವಂತ ನಿಧಿಯಿಂದ ಕೊಟ್ಟಿತು. ಆ ಹಣವನ್ನು ರಾಜ್ಯ ಸರ್ಕಾರ ತುಂಬಿಕೊಡಬೇಕು ಎಂದು ವರ್ಷಗಟ್ಟಲೆ ಕೇಳುತ್ತಾ ಬಂತು. ಬಾಕಿ ನೂರು ಕೋಟಿ ರೂಪಾಯಿ ದಾಟಿತ್ತು. ಪಿಂಚಣಿಗೆ ಹೋದ ಹಣದಿಂದ ಆಗಬೇಕಿದ್ದ ರಸ್ತೆ, ಚರಂಡಿ ಕೆಲಸಗಳು ಕಾಯಬೇಕಾಯಿತು.

ನಮ್ಮ ಬಸ್ ನಿಲ್ದಾಣದ ಕಥೆ

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲೇ ನಮ್ಮಲ್ಲಿ ಹೆಚ್ಚಿನವರು ಕಾಲೇಜಿಗೆ ಬರುತ್ತೇವೆ. ಆ ಚಾಲಕ, ನಿರ್ವಾಹಕರ ಸಂಬಳದಿಂದ ಭವಿಷ್ಯ ನಿಧಿಗೆಂದು ಪ್ರತಿ ತಿಂಗಳು ಹಣ ಮುರಿಯುತ್ತಾರೆ. ನಿಗಮವೂ ತನ್ನ ಪಾಲು ಸೇರಿಸಿ ಕಟ್ಟಬೇಕು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಈ ಹಣ ಮತ್ತು ಡೀಸೆಲ್ ಹಣ ಬಾಕಿ ಬೆಳೆದವು. 2025ರ ಜನವರಿಯಲ್ಲಿ ಈ ಬಾಕಿ ತೀರಿಸಲು ಒಟ್ಟು 2,000 ಕೋಟಿ ರೂಪಾಯಿ ಸಾಲ ಪಡೆಯಲು ಸಚಿವ ಸಂಪುಟ ಒಪ್ಪಿತು. ಅದರಲ್ಲಿ ಬೆಂಗಳೂರಿನ ಬಿಎಂಟಿಸಿ ಪಾಲು 589.20 ಕೋಟಿ, ನಮ್ಮ ನಿಗಮದ ಪಾಲು 141 ಕೋಟಿ.

ಇದರ ಅರ್ಥ ಸರಳ. ಮುಪ್ಪಿಗೆ ಎತ್ತಿಡಬೇಕಾದ ಹಣವನ್ನು ಆಗಲೇ ಎತ್ತಿಡಲಿಲ್ಲ, ಈಗ ಸಾಲ ತಂದು ತುಂಬಬೇಕು, ಅದಕ್ಕೆ ಬಡ್ಡಿ ಬೇರೆ. ಕಟ್ಟದ ಪಿಂಚಣಿ ಹೀಗೆ ಬ್ಯಾಂಕ್ ಸಾಲವಾಗಿ ಬದಲಾಗುತ್ತದೆ. ನಮ್ಮ ಉರ್ದು ಮಾತಿನಲ್ಲೂ ಕನ್ನಡದಲ್ಲೂ 'ಅಮಾನತ್ತು' ಎಂಬ ಪದವಿದೆ. ಒಬ್ಬರು ನಂಬಿ ಇಟ್ಟದ್ದನ್ನು ಹಾಗೆಯೇ ಕಾಪಾಡಿ ಮರಳಿಸುವುದು ಎಂದು ಉರ್ದುವಿನಲ್ಲಿ ಅದರ ಅರ್ಥ. ಭವಿಷ್ಯ ನಿಧಿಯ ಹಣಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ಗೊತ್ತಿಲ್ಲ.

ಹಳೆ ಪಿಂಚಣಿ, ಹೊಸ ಪಿಂಚಣಿ

ನಮ್ಮ ನಾನಾ ಸರ್ಕಾರಿ ಶಾಲೆಯ ನಿವೃತ್ತ ಶಿಕ್ಷಕರು. ನಮ್ಮ ಚಾಚಾ ಕೂಡ ಸರ್ಕಾರಿ ಶಿಕ್ಷಕರೇ, ಆದರೆ ನೇಮಕವಾದದ್ದು 2006ರ ನಂತರ. ಇಬ್ಬರದ್ದೂ ಅದೇ ಕಪ್ಪುಹಲಗೆ, ಅದೇ ಹಾಜರಿ ಪುಸ್ತಕ. ಮುಪ್ಪು ಮಾತ್ರ ಬೇರೆ ಬೇರೆ.

ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಎಷ್ಟು ಬರುತ್ತದೆ ಎಂಬುದು ಮೊದಲೇ ಗೊತ್ತು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್. ಇದರಲ್ಲಿ ನೌಕರರು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಟ್ಟುತ್ತಾರೆ, ಸರ್ಕಾರ ಈಗ ಶೇ. 14 ಕಟ್ಟುತ್ತದೆ. ಆ ಹಣ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತದೆ. ಏನು ಕಟ್ಟಿದೆವು ಎಂಬುದು ಗೊತ್ತು, ಏನು ಬರುತ್ತದೆ ಎಂಬುದು ಗೊತ್ತಿಲ್ಲ. ಒಮ್ಮೆ ಚಾಚಾ ನಾನಾ ಅವರಿಗೆ ಹೇಳಿದ್ದು ನೆನಪಿದೆ: "ನಿಮ್ಮ ಪಿಂಚಣಿ ಸರ್ಕಾರ ಕೊಟ್ಟ ಮಾತು, ನಮ್ಮದು ಬಜಾರು ಕೊಡುವ ಮಾತು."

2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದ್ದರ ಹಿಂದೆ ವೇತನದ ಜೊತೆ ಈ ಅಳುಕೂ ಇತ್ತು. ರಾಜಸ್ಥಾನ, ಹಿಮಾಚಲ ಪ್ರದೇಶ ಮುಂತಾದ ರಾಜ್ಯಗಳು ಹಳೆಯ ಪದ್ಧತಿಗೆ ಮರಳುವುದಾಗಿ ಘೋಷಿಸಿದವು. ಕೇಂದ್ರ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ ನಡುವಿನ ದಾರಿಯಾಗಿ ಏಕೀಕೃತ ಪಿಂಚಣಿ ಯೋಜನೆ ತಂದಿತು.

ಇಬ್ಬರ ವಾದದಲ್ಲೂ ಸತ್ಯವಿದೆ. ಬದುಕೆಲ್ಲ ದುಡಿದವರಿಗೆ ಮುಪ್ಪಿನಲ್ಲಿ ನಿಶ್ಚಿತ ಆದಾಯ ಬೇಕು. ಆ ನಿಶ್ಚಿತತೆಗೆ ಯಾರೂ ಹಣ ಎತ್ತಿಡದಿದ್ದರೆ ಅದು ಇಂದು ಕಾಲೇಜಿನಲ್ಲಿರುವವರ ಮೇಲೆ ಬೀಳುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಯಾವ ಪದ್ಧತಿಯಾದರೂ ಇರಲಿ, ಮಾತು ಕೊಟ್ಟ ದಿನದಿಂದಲೇ ಅದರ ಹಣ ಎತ್ತಿಡಬೇಕು, ಎಷ್ಟು ಎತ್ತಿಟ್ಟಿದ್ದೇವೆ ಎಂದು ಜನರಿಗೆ ಪ್ರತಿವರ್ಷ ತಿಳಿಸಬೇಕು.

ಪಿಂಚಣಿಯೇ ಇಲ್ಲದವರು

ಹಳೆಯದು, ಹೊಸದು ಎಂಬ ಈ ಜಗಳದಲ್ಲಿ ಹೆಸರೇ ಬಾರದವರು ಬಹಳ ಜನರಿದ್ದಾರೆ. ಬೆಂಗಳೂರನ್ನು ದಿನವೂ ಗುಡಿಸಿದ ಪೌರಕಾರ್ಮಿಕರು ವರ್ಷಗಟ್ಟಲೆ ಕಾಯಂ ಆಗದೆ ದುಡಿದರು. 2025ರ ಮೇ 1ರಂದು 12,692 ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅದಕ್ಕೂ ಮೊದಲೇ ಕೈಕಾಲು ಸೋತು ಮನೆ ಸೇರಿದವರಿಗೆ ಆ ಪತ್ರ ಇಲ್ಲ. ನಮ್ಮ ತಾಲೂಕುಗಳಿಂದ ಹೋಗಿ ಸೆಂಟ್ರಿಂಗ್, ಗಾರೆ ಕೆಲಸ ಮಾಡುವವರಿಗೂ ಮಾಲೀಕ ಪಿಂಚಣಿ ಕೊಡುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ, ಕಾರ್ಡ್ ನವೀಕರಿಸುತ್ತಾ ಬಂದವರಿಗೆ 60 ವರ್ಷದ ನಂತರ ಪಿಂಚಣಿಗೆ ಅವಕಾಶವಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಕೆಲಸದಲ್ಲಿದ್ದರೆ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಇಂದೇ ನೋಡಿ.

ಮೊದಲೇ ಎತ್ತಿಡುವುದರ ಬೆಲೆ ತಿಳಿಯಲು 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯ ಲೆಕ್ಕ ನೋಡಿ. 60 ವರ್ಷದ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ, 18ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಬೇಕು. 40ನೇ ವಯಸ್ಸಿನಲ್ಲಿ ಸೇರಿದವರು 1,454 ರೂಪಾಯಿ. ಮೊದಲಿನವರು 42 ವರ್ಷದಲ್ಲಿ ಕಟ್ಟುವುದು ಒಟ್ಟು 1,05,840 ರೂಪಾಯಿ. ತಡವಾಗಿ ಬಂದವರು 20 ವರ್ಷದಲ್ಲಿ ಕಟ್ಟುವುದು 3,48,960. ಪಿಂಚಣಿ ಇಬ್ಬರಿಗೂ ಅಷ್ಟೇ. ಇಂಥ ಯೋಜನೆಗೆ ಸೇರುವುದು ಬಿಡುವುದು ಅವರವರ ಮನೆಯ ನಿರ್ಧಾರ. ಆದರೆ ತಡಮಾಡಿದವರು ಮೂರು ಪಟ್ಟಿಗೂ ಹೆಚ್ಚು ತೆರಬೇಕು ಎಂಬ ಲೆಕ್ಕ ಒಬ್ಬ ವ್ಯಕ್ತಿಗೆ ಹೇಗೋ ಒಂದು ನಗರಕ್ಕೂ ಹಾಗೆಯೇ.

ನಾವು ಏನು ಕೇಳಬಹುದು?

ಪುರಸಭೆಯ ಬಜೆಟ್ ಪ್ರತಿವರ್ಷ ಮಂಡನೆಯಾಗುತ್ತದೆ. ಅದು ಗುಟ್ಟಿನ ಕಾಗದವಲ್ಲ. 18 ತುಂಬಿ ಮತದಾರರಾಗುವ ನಾವು ಅದನ್ನು ಓದುವಾಗ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಸಾಲ ತಂದದ್ದು ಬಹುಕಾಲ ಬಾಳುವ ಕೆಲಸಕ್ಕೋ, ತಿಂಗಳ ಖರ್ಚಿಗೋ? ಬರಬೇಕಾದ ತೆರಿಗೆಯಲ್ಲಿ ಎಷ್ಟು ಬಂದಿದೆ? ಯಾರ ಬಿಲ್, ಯಾರ ಭವಿಷ್ಯ ನಿಧಿ ಬಾಕಿ ಇದೆ? ಇಂದು ಕಸ ಎತ್ತುತ್ತಿರುವವರ ಮುಪ್ಪಿಗೆ ಏನು ಎತ್ತಿಟ್ಟಿದ್ದಾರೆ?

ಈ ನಾಲ್ಕಕ್ಕೂ ಉತ್ತರ ಸಿಗುವ ಊರು ಚಿಕ್ಕದಾದರೂ ನೆಮ್ಮದಿಯಿಂದ ಇರುತ್ತದೆ. ಉತ್ತರ ಸಿಗದ ಊರಿನ ಬಾಕಿಯನ್ನು ನಾಳೆ ತೆರಿಗೆ ಕಟ್ಟುವ ನಾವೇ ತೀರಿಸಬೇಕಾಗುತ್ತದೆ.