ಕೂತು ಕುಡಿಯುವ ಕಾಫಿ

ಚೆನ್ನೈನ ಗಿಂಡಿಯಲ್ಲಿ ಕಾಫಿಗೆ ಬರವಿಲ್ಲ, ಕೂರುವ ಜಾಗಕ್ಕಿದೆ. 1958ರಲ್ಲಿ ಕೈಗಾರಿಕಾ ವಸಾಹತು ಬಂದಾಗಿನಿಂದ ಇದು ಪಾಳಿಗೆ ಓಡುವವರ ಪ್ರದೇಶ. ಈಗ ಕಾರ್ಖಾನೆಗಳ ನೆರೆಯಲ್ಲೇ ಐಟಿ ಕಟ್ಟಡಗಳೂ ಎದ್ದಿವೆ. ಅಂಗಡಿ ಮುಂದೆ ನಿಂತೇ ಕುಡಿದು, ಲೋಟ ಇಟ್ಟು, ರೈಲು ಹಿಡಿಯುವುದು ಇಲ್ಲಿನವರ ರೂಢಿ. ಪಕ್ಕದಲ್ಲೇ ಅಡ್ಯಾರ್ ನದಿ ಹರಿಯುತ್ತದೆ ನಿಜ. ಆದರೆ 2015ರ ಡಿಸೆಂಬರಿನಲ್ಲಿ ಅದು ಉಕ್ಕಿ ಸೈದಾಪೇಟೆಯ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಹೊಳೆದಂಡೆಯ ಕಾಫಿಯ ಆಸೆ ಸುಲಭಕ್ಕೆ ಹುಟ್ಟದು.

ಒಳ್ಳೆಯ ಕಾಫಿ ಸಿಗುವ ಅಂಗಡಿಯನ್ನು ಗುರುತಿಸಲು ಬೋರ್ಡು ನೋಡಬೇಡಿ, ಡಿಕಾಕ್ಷನ್ ನೋಡಿ. ಆಗಾಗ ಹೊಸದಾಗಿ ಇಳಿಸುತ್ತಾರೋ, ಬೆಳಿಗ್ಗೆ ಇಳಿಸಿದ್ದನ್ನೇ ಸಂಜೆಯವರೆಗೂ ಬಿಸಿ ಮಾಡುತ್ತಾರೋ? ಚಿಕೋರಿ ಹೆಚ್ಚಾದಷ್ಟೂ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಕಾಣುತ್ತದೆ. ಪರಿಮಳ ಮಾತ್ರ ಸೊರಗುತ್ತದೆ. ಮತ್ತೆ ಮತ್ತೆ ಕುದಿಸಿದ ಹಾಲು ಬೀಜದ ರುಚಿಯನ್ನೇ ಮುಚ್ಚಿಬಿಡುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಅಲ್ಲಿನವರ ದುಡಿಮೆ ಇಲ್ಲಿ ಹಾಳಾದರೆ ನನಗೆ ಸಂಕಟವಾಗುತ್ತದೆ.

ಈ ನಗರಕ್ಕೆ ಕೂತು ಕುಡಿಯುವ ಸುಖ ಕೊಟ್ಟವರಲ್ಲಿ ನಮ್ಮ ಕರಾವಳಿಯವರದು ದೊಡ್ಡ ಪಾಲು. ಕಡಂದಲೆಯ ಕೆ. ಕೃಷ್ಣರಾಯರು ಹೋಟೆಲಿನ ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದರು. 1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟಗಾರಿಕಾ ಸಂಘದ ಜಾಗದಲ್ಲಿ, ಮರಗಳ ನಡುವೆ, ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರುವಾಯಿತು. ಕಾರಿನ ಬಾಗಿಲಿಗೇ ತಟ್ಟೆ ಸಿಕ್ಕಿಸಿ ತಿಂಡಿ ಕೊಡುತ್ತಿದ್ದರು. ಕಾರಿಲ್ಲದ ವಿದ್ಯಾರ್ಥಿಗಳು, ಔಷಧ ಕಂಪನಿಯ ಪ್ರತಿನಿಧಿಗಳು, ಸಿನಿಮಾ ಕತೆ ಹೊಸೆಯುವವರು ಒಳಗೆ ಕೂತು ಒಂದು ಕಾಫಿಯಲ್ಲಿ ಮಧ್ಯಾಹ್ನ ಕಳೆದರೂ ಯಾರೂ ಎಬ್ಬಿಸುತ್ತಿರಲಿಲ್ಲ.

ಅದು ಸಣ್ಣ ಮಾತಲ್ಲ. ಮದ್ರಾಸಿನ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇದ್ದ ಕಾಲ ಹತ್ತಿರದ್ದೇ. 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಹೆಸರಹಲಗೆಯಿಂದ 'ಬ್ರಾಹ್ಮಣ' ಎಂಬ ಮಾತು ಅಳಿಸಬೇಕೆಂದು ಪೆರಿಯಾರ್ ಚಳವಳಿ ನಡೆಸಿದ್ದರು. ಕಾಫಿ ಹೋಟೆಲಿನ ಹಲಗೆಯ ಮೇಲಿನ ಒಂದು ಮಾತಿಗಾಗಿ ಜನ ಜೈಲಿಗೂ ಹೋದ ಊರಿದು. ಡ್ರೈವ್-ಇನ್ 2008ರಲ್ಲಿ ಮುಚ್ಚಿತು. 2010ರಿಂದ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಹಸಿರು ಉಳಿಯಿತು, ಕಾಫಿ ಹೋಯಿತು. ರಾಯರ ನ್ಯೂ ವುಡ್‌ಲ್ಯಾಂಡ್ಸ್ ರಾಧಾಕೃಷ್ಣನ್ ರಸ್ತೆಯಲ್ಲಿ ಇನ್ನೂ ಇದೆ. ಬಿಡುವಿದ್ದವರು ಅಲ್ಲಿಗೆ ಹೋಗಬಹುದು.

ಬಿಡುವಿಲ್ಲದವರಿಗೆ ಗಿಂಡಿಯ ಪಕ್ಕದಲ್ಲೇ ಕತ್ತಿಪಾರಾ ಇದೆ. ಕ್ಲೋವರ್ ಎಲೆಯಾಕಾರದ ಆ ದೊಡ್ಡ ಮೇಲ್ಸೇತುವೆಯ ಕೆಳಗಿನ ಜಾಗವನ್ನು 2021ರಲ್ಲಿ ಜನರಿಗೆ ತೆರೆದರು. ತಿಂಡಿ ಅಂಗಡಿಗಳು, ಕಟ್ಟೆಗಳು, ಮಕ್ಕಳು ಆಡುವ ಜಾಗ ಎಲ್ಲ ಇವೆ. ತಲೆಯ ಮೇಲೆ ವಾಹನಗಳ ಸದ್ದು ನಿಲ್ಲುವುದಿಲ್ಲ. ಆದರೂ ಸಂಜೆ ಕೆಲಸ ಬಿಟ್ಟವರು ಅಲ್ಲಿ ಗುಂಪುಗುಂಪಾಗಿ ಕೂತಿರುವುದನ್ನು ನೋಡಿದರೆ ಈ ಭಾಗಕ್ಕೆ ಏನು ಬೇಕಿತ್ತೆಂದು ಗೊತ್ತಾಗುತ್ತದೆ. ಹೊಸ ಡಿಕಾಕ್ಷನ್ ಇಳಿಸುವ ಅಂಗಡಿಯಿಂದ ಲೋಟ ಹಿಡಿದು ಬನ್ನಿ, ಕಟ್ಟೆಯ ಮೇಲೆ ಕೂರಿ.