ಹಳೆ ಕಾರಿಗೆ ಹೊಸ ಎಣ್ಣೆ: ಮನೆಯಂಗಳದಲ್ಲೇ ಆಗುವ ಕೆಲಸ

ಕಾರು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದಂತೆ ಎಂದು ಹಿರಿಯರು ಹೇಳುತ್ತಿದ್ದ ಕಾಲವೊಂದಿತ್ತು. ಆಗ ಊರಿಗೊಂದು ಕಾರು, ಅದೂ ಬಾಡಿಗೆಯ ಅಂಬಾಸಡರು. ದಿಬ್ಬಣಕ್ಕೂ ಅದೇ, ಹೆರಿಗೆಗೂ ಅದೇ, ಮಂಗಳೂರಿನ ಆಸ್ಪತ್ರೆಗೂ ಅದೇ. ೧೯೮೩ರ ಡಿಸೆಂಬರ್ ೧೪ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ ೮೦೦ರ ಕೀಲಿಕೈಯನ್ನು ಅದರ ಒಡೆಯರ ಕೈಗಿತ್ತ ಮೇಲೆ ಆನೆಯ ಜಾಗಕ್ಕೆ ಆಡು ಬಂತು ಎನ್ನಬೇಕು. ಮೂರು ಸಿಲಿಂಡರು, ೭೯೬ ಸಿ.ಸಿ.ಯ ಪುಟ್ಟ ಎಂಜಿನು. ೨೦೧೪ರ ಜನವರಿಯಲ್ಲಿ ಅದರ ತಯಾರಿ ನಿಂತಿತು. ಅದೇ ವರ್ಷ ಅಂಬಾಸಡರೂ ನಿಂತಿತು. ಆದರೂ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಅಂಗಳಗಳಲ್ಲಿ ಅಡಿಕೆ ಚೀಲದ ಪಕ್ಕದಲ್ಲಿ ಒಂದೊಂದು ಎಂಟುನೂರು ಇನ್ನೂ ನಿಂತಿದೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಆ ಪರೀಕ್ಷೆಯಲ್ಲಿ ಪಾಸಾಗಬೇಕಾದರೆ ಎಂಜಿನು ನೆಟ್ಟಗಿರಬೇಕು. ಎಂಜಿನು ನೆಟ್ಟಗಿರಬೇಕಾದರೆ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಗಬೇಕು.

ನಾವು ಮೆಕ್ಯಾನಿಕರಲ್ಲ, ಶಾಲಾ ಮಾಸ್ತರು. ಆದರೆ ಹಳೆ ಎಂಟುನೂರೊಂದನ್ನು ಇಟ್ಟುಕೊಂಡು, ವರ್ಷಕ್ಕೆರಡು ಬಾರಿ ಅದರ ಎಣ್ಣೆಯನ್ನು ಮನೆಯಲ್ಲೇ ಬದಲಾಯಿಸುತ್ತ ಬಂದವರು. ಇದೇನೂ ಬ್ರಹ್ಮವಿದ್ಯೆಯಲ್ಲ. ಹೈಸ್ಕೂಲಿನ ಮಕ್ಕಳೂ ಪಕ್ಕದಲ್ಲಿ ಕುಳಿತು ನೋಡಿ ಕಲಿಯತಕ್ಕದ್ದು.

ಎಂಜಿನಿನೊಳಗೆ ಎಣ್ಣೆಯ ಕೆಲಸ ಕೇವಲ ಜಾರಿಸುವುದಲ್ಲ. ಒಳಗಿನ ಬಿಸಿಯನ್ನು ಹೊತ್ತೊಯ್ಯುವುದು, ಪಿಸ್ಟನಿನ ಸುತ್ತಲಿನ ಸಂದನ್ನು ಮುಚ್ಚುವುದು, ಮಸಿಯನ್ನು ತೊಳೆದು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು, ಇವೆಲ್ಲವೂ ಅದರ ಪಾಲಿನವೇ. ಆದುದರಿಂದ ಎಣ್ಣೆ ಕಪ್ಪಾದೊಡನೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ; ಅದು ಕೆಲಸ ಮಾಡಿದ ಗುರುತು. ನಿಜವಾದ ವೈರಿ ಬೇರೆ ಇದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆಂದರೆ ಹಲವರು ನಂಬುವುದಿಲ್ಲ. ಬಹುಪಾಲು ಹೊಗೆಕೊಳವೆಯಲ್ಲಿ ಹೊರಹೋಗುತ್ತದೆ. ಆದರೆ ಮನೆಯಿಂದ ಹಾಲಿನ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ಒಂದೆರಡು ಕಿಲೋಮೀಟರು ಮಾತ್ರ ಓಡುವ ಕಾರಿನ ಎಂಜಿನು ಸರಿಯಾಗಿ ಬಿಸಿಯೇ ಆಗುವುದಿಲ್ಲ. ಆಗ ಸ್ವಲ್ಪ ನೀರು, ಸ್ವಲ್ಪ ಪೆಟ್ರೋಲು ಚೇಂಬರಿಗೆ ಇಳಿದು ಎಣ್ಣೆಯಲ್ಲಿ ಬೆರೆಯುತ್ತವೆ, ಹುಳಿಯಾಗುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಮಳೆಗಾಲದಲ್ಲಿ ಆಯಿಲ್ ಕ್ಯಾಪಿನ ಒಳಬದಿಯಲ್ಲಿ ಬಿಳಿ ನೊರೆ ಕಟ್ಟುವುದನ್ನು ಕಂಡವರಿಗೆ ಇದು ಗೊತ್ತು. ನಮ್ಮ ಕಾರು ಓಡುವುದೇ ಇಲ್ಲ, ಎಣ್ಣೆ ಏಕೆ ಬದಲಿಸಬೇಕು ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ಕಡಿಮೆ ಓಡುವ ಕಾರಿಗೇ ಕಾಲದ ಲೆಕ್ಕ ಮುಖ್ಯ.

ಐದು ಸಾವಿರ ಕಿಲೋಮೀಟರು ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಹಳೆ ಕಾರಿಗೆ ಇದೇ ಒಳ್ಳೆಯ ಲೆಕ್ಕ. ತಾರೀಕು ನೆನಪಿಡಲು ನಮಗೆ ಪಂಚಾಂಗವೇ ಸಾಕು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ಅಂದರೆ ಮಳೆಗೆ ಮುಂಚೆ, ಒಮ್ಮೆ. ದೀಪಾವಳಿ ಕಳೆದು ಆಟ ಸುರುವಾಗುವಾಗ ಇನ್ನೊಮ್ಮೆ.

ಇನ್ನು ಯಾವ ಎಣ್ಣೆ? ಡಬ್ಬಿಯ ಮೇಲೆ ೨೦ ಡಬ್ಲ್ಯು ೪೦, ೨೦ ಡಬ್ಲ್ಯು ೫೦ ಎಂದೆಲ್ಲ ಇರುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕೆ ತಣ್ಣಗಿರುವಾಗ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು ಎಂಜಿನು ಕಾದಾಗ ಎಷ್ಟು ದಪ್ಪವಾಗಿ ಉಳಿಯುತ್ತದೆಂಬುದನ್ನೂ ಹೇಳುತ್ತದೆ. ಹಿಮವೇ ಕಾಣದ ಕರಾವಳಿಯಲ್ಲಿ ಮೊದಲ ಅಂಕೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾರಿನ ಪುಸ್ತಕದಲ್ಲಿ ಹೇಳಿದ ಅಂಕೆಯೇ ಮೊದಲ ಆಯ್ಕೆ. ತುಂಬ ಓಡಿ ಸವೆದು, ನೀಲಿ ಹೊಗೆ ಬಿಡತೊಡಗಿದ ಎಂಜಿನಿಗೆ ತುಸು ದಪ್ಪದ್ದು ಹಿತ. ಬಾಟಲಿಯಲ್ಲಿ ಎಪಿಐ ಎಂಬ ಗುರುತಿನ ಮುಂದೆ ‘ಎಸ್’ ಅಕ್ಷರದಿಂದ ಸುರುವಾಗುವ ದರ್ಜೆ ಇದ್ದರೆ ಪೆಟ್ರೋಲು ಎಂಜಿನಿಗೆ, ‘ಸಿ’ ಎಂದಿದ್ದರೆ ಡೀಸಿಲಿಗೆ. ಜೀಪಿಗೆಂದು ತಂದು ಉಳಿದ ಡಬ್ಬಿಯನ್ನು ಕಾರಿಗೆ ಸುರಿಯುವ ಮೊದಲು ಇದನ್ನೊಮ್ಮೆ ಓದಬೇಕು. ಖಾಲಿ ಡಬ್ಬಿಗಳಿಗೆ ನಕಲಿ ಎಣ್ಣೆ ತುಂಬಿ ಮಾರುವ ದಂಧೆಯೂ ಇರುವುದರಿಂದ ಮುಚ್ಚಳದ ಸೀಲು ಒಡೆಯದೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳುವುದು ಜಾಣತನ.

ಬೇಕಾದ ಸಾಮಗ್ರಿ ಬಹಳವಿಲ್ಲ. ಎಣ್ಣೆ, ಹೊಸ ಫಿಲ್ಟರು, ಡ್ರೈನ್ ಪ್ಲಗ್ಗಿಗೆ ಹೊಸ ವಾಶರು, ಅದರ ತಲೆಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರು, ಅಗಲ ಬಾಯಿಯ ಹಳೆ ಬೇಸಿನು, ಲಾಳಿಕೆ, ಬನಿಯನ್ ವೇಸ್ಟು, ರಬ್ಬರು ಕೈಚೀಲ. ನೆಲಕ್ಕೆ ಹಾಸಲು ಹಳೆ ಪತ್ರಿಕೆ. ನಿನ್ನೆಯದಾದರೆ ಸಾಕು, ಇವತ್ತಿನದನ್ನು ಮನೆಯವರು ಇನ್ನೂ ಓದಿರಲಾರರು. ಅಂದ ಹಾಗೆ, ಗ್ಯಾರೇಜಿನಲ್ಲಿ ಭಾಷಾ ವಿವಾದವೆಂಬುದಿಲ್ಲ. ಕನ್ನಡದವರು, ತುಳುವರು, ಬ್ಯಾರಿಗಳು, ಮಲೆಯಾಳಿಗಳು ಎಲ್ಲರಿಗೂ ಡಿಪ್‌ಸ್ಟಿಕ್ ಡಿಪ್‌ಸ್ಟಿಕ್ಕೇ. ಅಳತೆಕಡ್ಡಿ ಎಂದರೆ ಕಡ್ಡಿ ಹುಡುಕಿ ತಂದುಕೊಟ್ಟಾರು.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ಇದನ್ನು ದಯವಿಟ್ಟು ನಿಧಾನವಾಗಿ ಓದಬೇಕು. ಕಾರಿನೊಡನೆ ಬರುವ ಜಾಕಿ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನಡಿಗೆ ತಲೆಯಿರಲಿ, ಕೈಯನ್ನೂ ಹಾಕಬಾರದು. ನಮ್ಮೂರಲ್ಲಿ ಸುಲಭವಾಗಿ ಸಿಗುವುದು ಕೆಂಪುಕಲ್ಲು. ಮನೆ ಕಟ್ಟಿ ಮಿಕ್ಕ ನಾಲ್ಕು ಕಲ್ಲನ್ನು ಒಂದರ ಮೇಲೊಂದಿಟ್ಟು ಕಾರನ್ನು ಕೂರಿಸುವವರಿದ್ದಾರೆ. ಕೆಂಪುಕಲ್ಲು ಗೋಡೆಯಲ್ಲಿ ಸಾಲಾಗಿ ಕುಳಿತಾಗ ಎಷ್ಟು ಗಟ್ಟಿಯೋ, ಒಂದು ಮೂಲೆಯ ಮೇಲೆ ಭಾರ ಬಿದ್ದಾಗ ಅಷ್ಟೇ ಪುಡಿ. ಸಿಮೆಂಟು ಬ್ಲಾಕೂ ಹಾಗೆಯೇ, ಸೂಚನೆಯಿಲ್ಲದೆ ಸೀಳುತ್ತದೆ. ಆರುನೂರು ಕಿಲೋ ಮೀರಿದ ಕಬ್ಬಿಣ ಎದೆಯ ಮೇಲೆ ಇಳಿಯಲು ಕ್ಷಣ ಸಾಕು. ಕಾರನ್ನು ಎತ್ತದೆಯೇ ಪ್ಲಗ್ಗಿಗೆ ಕೈ ತಲುಪುವುದಾದರೆ ಎತ್ತುವುದೇ ಬೇಡ. ಇಲ್ಲವಾದರೆ ಅಗಲವಾದ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಮೊಳೆ ಹೊಡೆದು ಮೆಟ್ಟಿಲಿನಂತೆ ಮಾಡಿ, ಮುಂದಿನ ಎರಡು ಚಕ್ರಗಳನ್ನು ಅದಕ್ಕೆ ಹತ್ತಿಸಬಹುದು. ಅಂಗಳ ಸಮವಾಗಿರಲಿ. ಹ್ಯಾಂಡ್‌ಬ್ರೇಕು ಎಳೆದು, ಎಂಜಿನು ನಿಲ್ಲಿಸಿ, ಮೊದಲನೆ ಗೇರಿಗೆ ಹಾಕಿ, ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಕೊಡಬೇಕು. ಮನೆಯವರೊಬ್ಬರು ಹತ್ತಿರ ಇದ್ದರೆ ಒಳ್ಳೆಯದು.

ಎಂಜಿನನ್ನು ಐದು ನಿಮಿಷ ಓಡಿಸಿಯೇ ಕೆಲಸಕ್ಕಿಳಿಯಬೇಕು. ಬೆಚ್ಚಗಾದ ಎಣ್ಣೆ ಕೊಳೆಯನ್ನೂ ಸೇರಿಸಿಕೊಂಡು ಸರಾಗವಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಮಾತ್ರ ಕೈ ಸುಟ್ಟೀತು, ಸ್ವಲ್ಪ ಕಾಯಬೇಕು. ಮೇಲಿನ ಆಯಿಲ್ ಕ್ಯಾಪು ತೆಗೆದಿಟ್ಟು, ಚೇಂಬರಿನ ತಳದ ಪ್ಲಗ್ಗನ್ನು ಹುಡುಕಬೇಕು. ಇಲ್ಲೊಂದು ಎಚ್ಚರಿಕೆ: ಮಾರುತಿಯಲ್ಲಿ ಗೇರುಬಾಕ್ಸು ಎಂಜಿನಿನ ಮಗ್ಗುಲಲ್ಲೇ ಇದ್ದು, ಅದಕ್ಕೆ ತನ್ನದೇ ಪ್ಲಗ್ ಇದೆ. ಅದನ್ನು ಬಿಚ್ಚಿ ಗೇರಿನ ಎಣ್ಣೆ ಹರಿಸಿ, ಎಂಜಿನಿಗೆ ಹೊಸದನ್ನು ತುಂಬಿದರೆ ಗೇರು ಒಣಗಿ ಹಾಳು, ಎಂಜಿನಿಗೆ ಎಣ್ಣೆ ಉಕ್ಕಿ ಹಾಳು. ಇಳಿಯುವ ಎಣ್ಣೆ ಕಪ್ಪಾಗಿರದೆ, ದಪ್ಪಗೆ ಗಂಧಕದ ವಾಸನೆ ಬಂದರೆ ತಕ್ಷಣ ಮುಚ್ಚಿಬಿಡಬೇಕು.

ಪ್ಲಗ್ಗನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಒಳಕ್ಕೆ ಒತ್ತಿ ಹಿಡಿದು ಬೆರಳಲ್ಲೇ ತಿರುಗಿಸಿ ಫಕ್ಕನೆ ಕೈ ತೆಗೆದರೆ ತೋಳಿಗೆ ಎಣ್ಣೆಯ ಅಭಿಷೇಕ ತಪ್ಪುತ್ತದೆ. ಸುಟ್ಟೆಣ್ಣೆ ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ. ಚರ್ಮದ ಕಾಯಿಲೆ, ದೀರ್ಘಕಾಲದಲ್ಲಿ ಕ್ಯಾನ್ಸರಿನ ಅಪಾಯವೂ ಇದೆ. ಕೈಗಾದರೆ ಪೆಟ್ರೋಲಿನಿಂದ ತೊಳೆಯಬಾರದು. ತೆಂಗಿನೆಣ್ಣೆ ಸವರಿ ಒರೆಸಿ ಆಮೇಲೆ ಸಾಬೂನು.

ಹತ್ತು ಹದಿನೈದು ನಿಮಿಷ ತೊಟ್ಟಿಕ್ಕಲಿ. ಆ ಹೊತ್ತಿನಲ್ಲಿ ಬೇಸಿನನ್ನು ನೋಡುತ್ತ ಕೂರುವುದೇ ಲಾಭ. ಎಂಜಿನಿನ ಜಾತಕ ಅದರಲ್ಲಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಹಿತ್ತಾಳೆಯಂಥ ಮಿನುಗು ಕಂಡರೆ ಬೇರಿಂಗು ಸವೆಯುತ್ತಿದೆ. ಪೆಟ್ರೋಲಿನ ವಾಸನೆ ಬಲವಾಗಿದ್ದರೆ, ಕಾರ್ಬುರೇಟರಿನ ಕಾಲದ ಗಾಡಿಗಳಲ್ಲಿ, ಪೆಟ್ರೋಲು ಪಂಪಿನೊಳಗಿನ ಪರೆ ಹರಿದು ಪೆಟ್ರೋಲು ಚೇಂಬರಿಗೆ ಇಳಿಯುತ್ತಿರುವ ಸಂಭವ ಹೆಚ್ಚು. ಅಂಥ ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಮಟ್ಟ ತಾನಾಗಿಯೇ ಏರುತ್ತದೆ. ಸುರಿಯದ ಎಣ್ಣೆ ಹೆಚ್ಚಿತೆಂದು ಸಂತೋಷಪಡುವಂತಿಲ್ಲ. ಇವುಗಳಲ್ಲಿ ಯಾವುದು ಕಂಡರೂ ಮೆಕ್ಯಾನಿಕರ ಬಳಿಗೆ ಹೋಗತಕ್ಕದ್ದು.

ಹಳೆ ಎಂಜಿನನ್ನು ‘ತೊಳೆಯಲು’ ಸೀಮೆಎಣ್ಣೆ ಸುರಿದು ಓಡಿಸುವ ಪದ್ಧತಿಯೊಂದಿದೆ. ಇದನ್ನು ನಾವು ಒಪ್ಪುವುದಿಲ್ಲ. ಸೀಮೆಎಣ್ಣೆಗೆ ಜಾರಿಸುವ ಶಕ್ತಿ ಸಾಲದು; ಮೇಲಾಗಿ ವರ್ಷಗಟ್ಟಲೆ ಅಂಟಿದ ಗಸಿಯನ್ನು ಒಮ್ಮೆಗೇ ಕಿತ್ತು ಎಣ್ಣೆ ಹೀರುವ ಜರಡಿಗೆ ತುರುಕಿಬಿಡುತ್ತದೆ. ಬಹುಕಾಲ ಎಣ್ಣೆ ಕಾಣದ ಕಾರಾದರೆ ಈಗೊಮ್ಮೆ ಬದಲಿಸಿ, ಸಾವಿರ ಕಿಲೋಮೀಟರಿನಲ್ಲಿ ಮತ್ತೊಮ್ಮೆ ಬದಲಿಸುವುದೇ ಕ್ಷೇಮ.

ಫಿಲ್ಟರನ್ನು ಕೈಯಿಂದಲೇ ಎಡಕ್ಕೆ ತಿರುಗಿಸಿ ಬಿಚ್ಚಬಹುದು. ಬಿಗಿಯಾಗಿದ್ದರೆ ಫಿಲ್ಟರು ಬಿಚ್ಚುವ ಪಟ್ಟಿ ಬೇಕಾದೀತು. ಹಳೆಯದರ ರಬ್ಬರು ಬಳೆ ಎಂಜಿನಿಗೇ ಅಂಟಿಕೊಂಡಿಲ್ಲ ಎಂಬುದನ್ನು ಬೆರಳಾಡಿಸಿ ನೋಡಲೇಬೇಕು. ಬಳೆಯ ಮೇಲೆ ಬಳೆ ಕೂತರೆ ಮೊದಲ ಓಟದಲ್ಲೇ ಎಣ್ಣೆಯೆಲ್ಲ ರಸ್ತೆಗೆ. ಹೊಸದರ ಬಳೆಗೆ ಹೊಸ ಎಣ್ಣೆ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿಯಬೇಕು, ಸ್ಪ್ಯಾನರು ಬೇಡ. ಪ್ಲಗ್ಗಿಗೆ ಹೊಸ ವಾಶರು ಹಾಕಿ, ಮೊದಲು ಬೆರಳಿನಲ್ಲಿ ಮರೆ ಸರಿಯಾಗಿ ಹಿಡಿಸಿ, ಆಮೇಲೆ ಹದವಾಗಿ ಬಿಗಿಯಬೇಕು. ನಮ್ಮ ಜನರಿಗೆ ಭೀಮಬಲ ತೋರಿಸುವ ಹುಮ್ಮಸ್ಸು ಬರುವುದು ಇಲ್ಲಿಯೇ. ಮರೆ ಹೋದರೆ ಚೇಂಬರನ್ನೇ ಬದಲಿಸಬೇಕಾದೀತು.

ಲಾಳಿಕೆಯಿಟ್ಟು ಎಂಟುನೂರಿಗೆ ಮೊದಲು ಎರಡೂವರೆ ಲೀಟರು ಸುರಿಯಬೇಕು. ಎಂಜಿನು ಹಚ್ಚಿ, ಕೆಂಪು ದೀಪ ಕೆಲವು ಸೆಕೆಂಡುಗಳಲ್ಲಿ ಆರುವುದನ್ನು ನೋಡಿ, ಅಡಿಯಲ್ಲಿ ಸೋರಿಕೆ ಇಲ್ಲವೆಂದು ಖಚಿತ ಮಾಡಿ, ಸಮ ನೆಲಕ್ಕಿಳಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ನೋಡಿದರೆ ಇನ್ನೆಷ್ಟು ಬೇಕೆಂದು ತಿಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಸೇರಿಸಿ ಮೇಲಿನ ಗೆರೆಯ ಹತ್ತಿರ ತಂದರೆ ಸರಿ, ಅದನ್ನು ದಾಟಬಾರದು. ಹೆಚ್ಚಾದರೆ ನೊರೆಯೆದ್ದು ಸೀಲುಗಳಿಂದ ಒಸರುತ್ತದೆ. ಅಂದಹಾಗೆ ಆ ಕೆಂಪು ದೀಪ ಎಣ್ಣೆಯ ಮಟ್ಟವನ್ನು ಹೇಳುವುದಲ್ಲ, ಒತ್ತಡವನ್ನು ಹೇಳುವುದು. ದಾರಿಯಲ್ಲಿ ಅದು ಹತ್ತಿದರೆ ಮನೆ ತಲುಪಿ ನೋಡೋಣ ಎನ್ನದೆ ಅಲ್ಲಿಯೇ ಎಂಜಿನು ನಿಲ್ಲಿಸಬೇಕು. ಬದಲಿಸಿದ ತಾರೀಕನ್ನೂ ಕಿಲೋಮೀಟರನ್ನೂ ಚೀಟಿಯಲ್ಲಿ ಬರೆದು ಬಾಗಿಲ ಬದಿಗೆ ಅಂಟಿಸುವುದು ಒಳ್ಳೆಯ ಅಭ್ಯಾಸ.

ಉಳಿದದ್ದು ಬೇಸಿನಿನಲ್ಲಿರುವ ಕರಿ ಎಣ್ಣೆ. ಇದನ್ನು ತೋಟದ ಬದಿಗೆ ಚೆಲ್ಲುವವರು, ಬೇಲಿಗೂಟಕ್ಕೂ ಹಟ್ಟಿಯ ಪಕ್ಕಾಸಿಗೂ ಗೆದ್ದಲು ಬಾರದಂತೆ ಬಳಿಯುವವರು ನಮ್ಮಲ್ಲಿ ಧಾರಾಳ. ಗೆದ್ದಲಿಗೆ ಅದು ಸ್ವಲ್ಪ ಕಾಲ ಅಡ್ಡಿಯಾಗುತ್ತದೆಂಬುದು ನಿಜವೇ. ಆದರೆ ಒಂದು ಮಳೆಗಾಲದಲ್ಲಿ ಅದೆಲ್ಲ ತೊಳೆದು ಹೋಗುವುದು ಎಲ್ಲಿಗೆ? ನಮ್ಮ ಕೆಂಪುಕಲ್ಲಿನ ಗುಡ್ಡ ತೂತು ತೂತಿನ ಗುಡ್ಡ. ಆದ್ದರಿಂದಲೇ ಅದು ಮಳೆನೀರನ್ನು ಕುಡಿದು, ಬಾಯಾರು, ಪೈವಳಿಕೆ, ಎಣ್ಮಕಜೆಯ ಸುರಂಗಗಳಲ್ಲಿ ಬೇಸಗೆಯಲ್ಲೂ ನೂಲಿನಂತೆ ನೀರು ಕೊಡುತ್ತದೆ. ನೀರು ಇಳಿಯುವ ದಾರಿಯಲ್ಲೇ ಎಣ್ಣೆಯೂ, ಅದರಲ್ಲಿರುವ ಲೋಹದ ಕಣಗಳೂ ಇಳಿಯುತ್ತವೆ. ಎಂಡೋಸಲ್ಫಾನನ್ನು ಕಂಡ ಸೀಮೆಯವರಿಗೆ ಮಣ್ಣಿಗೆ ಬಿದ್ದ ವಿಷ ಬಾವಿಗೆ ಬರುವ ಬಗೆಯನ್ನು ಮಾಸ್ತರು ಹೇಳಿಕೊಡಬೇಕಾಗಿಲ್ಲ.

೨೦೧೬ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಂಜಿನ್ ಎಣ್ಣೆ ಅಪಾಯಕಾರಿ ವಸ್ತು. ಅದು ಸೇರಬೇಕಾದದ್ದು ಅನುಮತಿಯುಳ್ಳ ಶುದ್ಧೀಕರಣ ಘಟಕಗಳಿಗೆ. ದೊಡ್ಡ ಗ್ಯಾರೇಜುಗಳಲ್ಲಿ ಅದನ್ನು ಬ್ಯಾರಲಿನಲ್ಲಿ ಕೂಡಿಟ್ಟು ಒಟ್ಟಿಗೆ ಕೊಡುತ್ತಾರೆ. ಕೇಳಿದರೆ ನಮ್ಮ ಎರಡೂವರೆ ಲೀಟರಿಗೂ ಜಾಗ ಸಿಗುವುದುಂಟು. ಹೊಸ ಎಣ್ಣೆ ಬಂದ ಡಬ್ಬಿಗೇ ಹಳೆಯದನ್ನು ಸುರಿದು ಮುಚ್ಚಳ ಬಿಗಿದು, ಮೇಲೆ ‘ಹಳೆ ಎಣ್ಣೆ’ ಎಂದು ದಪ್ಪಗೆ ಬರೆದು, ಮಕ್ಕಳ ಕೈಗೂ ದನಗಳ ಬಾಯಿಗೂ ಸಿಗದಲ್ಲಿ ಇಡಬೇಕು. ಅದಕ್ಕೆ ನೀರು, ಪೆಟ್ರೋಲು, ಪೈಂಟು ಏನನ್ನೂ ಬೆರೆಸಬಾರದು, ಬೆರೆತರೆ ಶುದ್ಧೀಕರಣಕ್ಕೆ ಬಾರದು. ಹಳೆ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಸೋರಿಸಿ ಅದರೊಂದಿಗೇ ಕೊಡಬಹುದು. ಪ್ಲಾಸ್ಟಿಕ್ ಸಂಗ್ರಹಕ್ಕೆ ಮನೆಗೆ ಬರುವ ಹರಿತ ಕರ್ಮಸೇನೆಯ ಅಕ್ಕಂದಿರ ಚೀಲಕ್ಕೆ ಇದನ್ನು ಸೇರಿಸಬಾರದು. ಮುಂದಿನ ಸಲ ಪೇಟೆಗೆ ಹೋಗುವಾಗ ಡಿಕ್ಕಿಯಲ್ಲಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ ಒಯ್ದರಾಯಿತು.