ರಾತ್ರಿ ಮಲಗುವಾಗ ಬಂದೂಕು ಎಲ್ಲಿರಬೇಕು?

ನಮ್ಮದು ಪಾವಗಡ ಸೀಮೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಕಡಲೆಕಾಯಿ, ತೊಗರಿ, ಒಂದಿಷ್ಟು ರಾಗಿ. ಊರಿಂದ ಒಂದು ಮೈಲಿ ಆಚೆ ಹೊಲದಲ್ಲೇ ಮನೆ. ಗುಡ್ಡದ ಕಡೆಯಿಂದ ಹಂದಿ ಬರುತ್ತೆ, ಒಮ್ಮೊಮ್ಮೆ ಕರಡಿಯೂ ಬರುತ್ತೆ. ಹಾಗಾಗಿ ನಮ್ಮಪ್ಪನ ಕಾಲದಿಂದ ಬೆಳೆ ಕಾಯೋಕೆ ಅಂತ ಲೈಸೆನ್ಸಿನ ಒಂಟಿನಳಿಗೆ ಬಂದೂಕು ಇದೆ. ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವಂಥದ್ದು. ನಮ್ಮ ಕಡೆ ಇದಕ್ಕೆ ತುಪಾಕಿ ಅಂತಲೂ ಅಂತಾರೆ. ಅಪ್ಪ ತೀರಿದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು.

ಬಂದೂಕು ಹಿಡಿಯೋದು ಹೇಗೆ ಅಂತ ಅಪ್ಪ ಕಲಿಸಿದ್ದ. ರಾತ್ರಿ ಮಲಗುವಾಗ ಅದನ್ನು ಎಲ್ಲಿಡಬೇಕು ಅಂತ ಕಲಿಸಿರಲಿಲ್ಲ. ಅವನೇ ತಲೆದೆಸೆಯಲ್ಲಿ ಗೋಡೆಗೆ ಒರಗಿಸಿ ಮಲಗುತ್ತಿದ್ದ. ನಾನೂ ಹಾಗೇ ಮಾಡಿದೆ. ಅದು ತಪ್ಪು ಅಂತ ತಿಳಿಯೋಕೆ ಒಂದು ರಾತ್ರಿ ಬೇಕಾಯ್ತು. ಆ ರಾತ್ರಿಯ ವಿಷಯ ಹೇಳೋಕೆ ನನಗೆ ಈಗಲೂ ನಾಚಿಕೆ. ಆದರೂ ನನ್ನ ಹಾಗೆ ಮಲಗುವವರು ಇನ್ನೂ ಇದ್ದಾರೆ ಅಂತ ಬರೆಯುತ್ತಿದ್ದೇನೆ.

ಮೆದೆಯ ಹತ್ತಿರ ಬಂದವನು

2013ರ ಕಾರ್ತಿಕ ಮಾಸ. ಕಡಲೆಕಾಯಿ ಕಿತ್ತು ಕಣದಲ್ಲಿ ಮೆದೆ ಹಾಕಿದ್ದೆವು. ಆ ತಿಂಗಳು ಅಕ್ಕಪಕ್ಕದ ಊರುಗಳಲ್ಲಿ ಎರಡು ಕಡೆ ರೊಪ್ಪದಿಂದ ಕುರಿ ಕದ್ದಿದ್ದರು. ನಾನು ಬಂದೂಕಿಗೆ ಈಡು ತುಂಬಿ, ಕೇಪು ಇಟ್ಟು, ಜಗಲಿಯ ನವಾರ ಮಂಚದ ಪಕ್ಕ ನಿಲ್ಲಿಸಿಕೊಂಡು ಮಲಗುತ್ತಿದ್ದೆ. ಕೈ ಚಾಚಿದರೆ ಸಿಗಬೇಕು ಅಂತ.

ರಾತ್ರಿ ಒಂದು ಗಂಟೆ ದಾಟಿತ್ತು. ಏನೋ ಸರಸರ ಸದ್ದಾಗಿ ಎಚ್ಚರವಾಯ್ತು. ಕಣದಲ್ಲಿ ಒಬ್ಬ ಬಗ್ಗಿಕೊಂಡು ಏನನ್ನೋ ಎಳೆಯುತ್ತಿದ್ದ. ನಾನು ಪೂರಾ ಎದ್ದೇ ಇರಲಿಲ್ಲ, ಆಗಲೇ ಬಂದೂಕು ಕೈಗೆ ಬಂದಿತ್ತು. ಕುದುರೆ ಎತ್ತಿದೆ. ನಳಿಗೆ ಅವನ ಕಡೆ ತಿರುಗಿತ್ತು. ‘ಯಾರು’ ಅಂತ ಒಂದು ಮಾತು ಕೇಳಲಿಲ್ಲ.

ಅಷ್ಟರಲ್ಲಿ ಅವನು ಕೆಮ್ಮಿದ. ಬೀಡಿ ಸೇದುವವನ ಕೆಮ್ಮು. ಆ ಕೆಮ್ಮನ್ನು ನಾನು ಇಪ್ಪತ್ತು ವರ್ಷದಿಂದ ಕೇಳಿದ್ದೇನೆ. ನನ್ನ ತಮ್ಮ.

ಅವನ ಹೊಲದಲ್ಲಿ ಬೋರ್‌ವೆಲ್ ಇದೆ. ಥ್ರೀ ಫೇಸ್ ಕರೆಂಟು ಆ ವಾರ ರಾತ್ರಿ ಪಾಳಿ. ಮೋಟರು ಹಾಕೋಕೆ ಎದ್ದವನು ಹನಿ ಬೀಳೋದು ನೋಡಿ, ‘ಅಣ್ಣನ ಕಡಲೆಕಾಯಿ ನೆನೆಯುತ್ತೆ’ ಅಂತ ಬಂದು ನನ್ನ ಮೆದೆಗೆ ಟಾರ್ಪಾಲು ಎಳೆಯುತ್ತಿದ್ದ. ಟಾರ್ಚಿನ ಬ್ಯಾಟರಿ ಹೋಗಿತ್ತು. ನಮ್ಮ ನಾಯಿ ಅವನ ಕಾಲ ಹತ್ತಿರವೇ ಬಾಲ ಆಡಿಸುತ್ತಾ ನಿಂತಿತ್ತು. ನಾಯಿ ಬೊಗಳಲಿಲ್ಲ ಅನ್ನೋದು ಕೂಡ ನನ್ನ ತಲೆಗೆ ಹೋಗಿರಲಿಲ್ಲ.

‘ಅಣ್ಣಾ, ಎದ್ದಿದೀಯಾ? ಒಂದು ಕಲ್ಲು ಕೊಡು, ಗಾಳಿಗೆ ಟಾರ್ಪಾಲು ಹಾರುತ್ತೆ’ ಅಂದ. ನನಗೆ ಉತ್ತರ ಹೇಳೋಕೆ ಬಾಯಿ ಬರಲಿಲ್ಲ. ಎತ್ತಿದ ಕುದುರೆಯನ್ನು ಇಳಿಸೋಕೂ ಕೈ ನಡುಗುತ್ತಿತ್ತು. ನಳಿಗೆ ಆಕಾಶಕ್ಕೆ ಮಾಡಿ ಕೇಪು ಕಿತ್ತು, ಆಮೇಲೆ ಇಳಿಸಿದೆ. ಬೆಳಿಗ್ಗೆ ಅವನಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ‘ಇನ್ನು ಮೇಲೆ ಕೆಮ್ಮಿಕೊಂಡೇ ಬರ್ತೀನಿ ಬಿಡಣ್ಣ’ ಅಂದ. ಅವನು ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಮನೆಯವಳು ಮಾತ್ರ, ‘ಅದು ಈ ಮನೆಯಲ್ಲಿರಬೇಕಾದ್ರೆ ಬೀಗದಲ್ಲಿರಲಿ. ಇಲ್ಲಾಂದ್ರೆ ಇವತ್ತೇ ಠಾಣೆಗೆ ಕೊಟ್ಟು ಬನ್ನಿ’ ಅಂದಳು.

ಕೈಗೆ ಸಿಗುವಂತಿರೋದೇ ತಪ್ಪು

ಆಮೇಲೆ ನಾನು ಬಹಳ ಯೋಚನೆ ಮಾಡಿದೆ. ತಪ್ಪು ಎಲ್ಲಾಯ್ತು? ಬಂದೂಕಿನದಲ್ಲ. ನಿದ್ದೆಯಿಂದ ಎದ್ದ ಮನುಷ್ಯನಿಗೆ ಕೈ ಮೊದಲು ಏಳುತ್ತೆ, ಬುದ್ಧಿ ಆಮೇಲೆ ಏಳುತ್ತೆ. ಆ ನಡುವಿನ ಹೊತ್ತಿನಲ್ಲಿ ಕೈಗೆ ಬಂದೂಕು ಸಿಗಬಾರದು. ಇಷ್ಟೇ ನಾನು ಕಲಿತ ಪಾಠ.

‘ಬೀಗ ಹಾಕಿಟ್ಟರೆ ಕಳ್ಳ ಬಂದಾಗ ತೆಗೆಯೋಕೆ ಹೊತ್ತಾಗಲ್ವಾ’ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತೆ. ಆಗಲಿ ಅಂತಲೇ ಬೀಗ. ಎದ್ದು ಕೂತು, ದೀಪ ಹಾಕಿ, ಕೀಲಿ ಹುಡುಕಿ ಪೆಟ್ಟಿಗೆ ತೆಗೆಯೋ ಅಷ್ಟರಲ್ಲಿ ಬಂದವನು ತಮ್ಮನೋ, ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದ ಮಗನೋ, ಹೊರಗೆ ಹೋಗಿ ಬಂದ ಹೆಂಡತಿಯೋ ಅಂತ ಗೊತ್ತಾಗುತ್ತೆ. ನಮ್ಮಂಥ ಮನೆಗಳಲ್ಲಿ ರಾತ್ರಿ ಓಡಾಡುವವರು ಕಳ್ಳರಿಗಿಂತ ಮನೆಯವರೇ ಜಾಸ್ತಿ. ಮೋಟರು ಹಾಕೋಕೆ, ದನಕ್ಕೆ ಮೇವು ಹಾಕೋಕೆ, ಕುರಿ ನೋಡೋಕೆ ಏಳುತ್ತಲೇ ಇರ್ತೀವಿ.

ಇನ್ನೊಂದು ಮಾತು. ಬಾಯಿಂದ ತುಂಬುವ ಬಂದೂಕು ಒಂದೇ ಈಡಿನದು. ಅದನ್ನು ನಂಬಿ ಕಳ್ಳರ ಗುಂಪಿನ ಎದುರು ನಿಲ್ಲೋಕೆ ಆಗಲ್ಲ. ಕಾಯಿದೆ ಕೂಡ ಅದನ್ನು ಬೆಳೆ ರಕ್ಷಣೆಗೆ ಅಂತಲೇ ಕೊಡೋದು.

ತುಂಬಿಟ್ಟ ಬಂದೂಕಿನ ಅಪಾಯ

‘ಕೇಪು ತೆಗೆದಿದ್ದೀನಿ, ಇನ್ನೇನು ಭಯ’ ಅನ್ನುವವರು ಬಹಳ. ತೋಟಾ ಬಂದೂಕಾದರೆ ತೋಟಾ ತೆಗೆದರೆ ಆಯ್ತು. ನಮ್ಮ ಬಂದೂಕು ಹಾಗಲ್ಲ. ಒಂದು ಸಲ ಮದ್ದು, ಗುಂಡು ಬಿಗಿದರೆ ಹೊರಗೆ ತೆಗೆಯೋದು ಕಷ್ಟ. ಅದಕ್ಕೇ ಜನ ವಾರಗಟ್ಟಲೆ ತುಂಬಿದ್ದನ್ನು ಹಾಗೇ ಇಡುತ್ತಾರೆ. ಕೇಪು ಇಟ್ಟು ಕುದುರೆ ಅದರ ಮೇಲೆ ಕೂತಿದ್ದರೆ, ಬಂದೂಕು ಜಾರಿ ಬಿದ್ದು ಕುದುರೆಗೆ ಪೆಟ್ಟಾದರೂ ಸಾಕು, ಹಾರುತ್ತೆ. ಕುದುರೆ ಅರ್ಧ ಎತ್ತಿಟ್ಟರೆ ಭದ್ರ ಅನ್ನೋದನ್ನೂ ನಂಬಬೇಡಿ. ಹಳೇ ಬಂದೂಕಲ್ಲಿ ಒಳಗಿನ ಕಚ್ಚು ಸವೆದಿರುತ್ತೆ. ಕೇಪು ತೆಗೆದಾಗಲೂ ಅದರ ಮಸಾಲೆ ಚೂರು ನಿಪ್ಪಲ್ಲಿಗೆ ಅಂಟಿಕೊಂಡಿರಬಹುದು. ಆದ್ದರಿಂದ ಒಂದೇ ದಾರಿ, ಮನೆಯೊಳಗೆ ಬರುವ ಬಂದೂಕು ಖಾಲಿ ಇರಬೇಕು.

ಖಾಲಿಯೋ ತುಂಬಿದೆಯೋ ನೋಡೋಕೆ ಒಂದು ಸುಲಭ ಉಪಾಯ ಇದೆ. ಖಾಲಿ ಇದ್ದಾಗ ಗಜಕಡ್ಡಿಯನ್ನು ನಳಿಗೆಯ ತಳದವರೆಗೆ ಬಿಡಿ. ಬಾಯಿಯ ಮಟ್ಟಕ್ಕೆ ಕಡ್ಡಿ ಮೇಲೆ ಒಂದು ಗೀರು ಹಾಕಿಕೊಳ್ಳಿ. ಮುಂದೆ ಯಾವಾಗ ಕಡ್ಡಿ ಬಿಟ್ಟರೂ ಗೀರು ಬಾಯಿಗೆ ಸರಿಯಾಗಿ ನಿಂತರೆ ಖಾಲಿ. ಗೀರು ಮೇಲೆ ನಿಂತರೆ ಒಳಗೆ ಈಡಿದೆ. ಕಡ್ಡಿ ಬಿಡುವ ಮೊದಲು ಕೇಪು ಇಲ್ಲ ಅಂತ ನೋಡಿಕೊಳ್ಳಿ. ಮುಖ, ಕೈ ಬಾಯಿಯ ನೇರಕ್ಕೆ ತರಬೇಡಿ. ಬಗ್ಗಿ ಇಣುಕಿ ನೋಡೋದಂತೂ ಬೇಡವೇ ಬೇಡ. ತುಂಬಿದ ಈಡನ್ನು ತೆಗೆಯೋದು ಗೊತ್ತಿಲ್ಲದಿದ್ದರೆ ಬಂದೂಕು ರಿಪೇರಿಯವರ ಕೈಲಿ ತೆಗೆಸಿ.

ನಾನು ಮಾಡಿಕೊಂಡ ಏರ್ಪಾಡು

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಉದ್ದ ಪೆಟ್ಟಿಗೆ ಮಾಡಿಸಿದೆ. ಬಂದೂಕಿಗಿಂತ ಒಂದು ಗೇಣು ಉದ್ದ. ನಾಲ್ಕೈದು ಚೀಲ ಸಿಮೆಂಟಿನಷ್ಟು ಖರ್ಚು ಬಿತ್ತು. ಒಳಮನೆಯ ಗೋಡೆಗೆ ನಾಲ್ಕು ಬೋಲ್ಟು ಹಾಕಿ ಕೂರಿಸಿದೆ. ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗೋಕೆ ಆಗಬಾರದು. ಬಾಗಿಲಲ್ಲಿ ನಿಂತವರಿಗೆ, ಜಗಲಿಗೆ ಬಂದ ನೆಂಟರಿಗೆ ಕಾಣದಂಥ ಮೂಲೆ ನೋಡಿಕೊಂಡೆ. ಬಂದೂಕು ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾದರೆ ಅದೇ ಕಳ್ಳನಿಗೆ ದಾರಿ.

ಮದ್ದು ಬೇರೆ ಡಬ್ಬಿ, ಕೇಪು ಬೇರೆ ಡಬ್ಬಿ. ಎರಡೂ ಕಾಳಿನ ಕೋಣೆಯ ಟ್ರಂಕಿನಲ್ಲಿ, ಅದಕ್ಕೆ ಇನ್ನೊಂದು ಬೀಗ. ಒಲೆ, ದೇವರ ದೀಪ, ಸೀಮೆಎಣ್ಣೆ, ಗೊಬ್ಬರ ಇವುಗಳಿಂದ ದೂರ. ಎರಡು ಕೀಲಿಯೂ ನನ್ನ ಉಡಿದಾರದಲ್ಲಿ. ಮೊಳೆಗೆ ತಗುಲಿಸಲ್ಲ, ದಿಂಬಿನಡಿ ಇಡಲ್ಲ, ದೇವರ ಗೂಡಿನಲ್ಲಿ ಇಡಲ್ಲ. ದಿಂಬಿನಡಿಯ ಕೀಲಿ ಮೊಮ್ಮಕ್ಕಳಿಗೆ ಮೊದಲು ಸಿಗುತ್ತೆ. ನಾವು ಬಚ್ಚಿಟ್ಟ ಬೆಲ್ಲ ಅವಕ್ಕೆ ಸಿಗಲ್ವಾ? ಕೀಲಿಯೂ ಹಾಗೇ. ಬಚ್ಚಿಡೋದು ಬೇರೆ, ಬೀಗ ಹಾಕೋದು ಬೇರೆ.

ಬೀಗ ಹಾಕಿದ ಪೆಟ್ಟಿಗೆಯಲ್ಲಿ ಥಂಡಿ ಹಿಡಿದು ತುಕ್ಕು ಬರುತ್ತೆ ಅನ್ನೋದು ನಿಜ. ಗೋಣಿ ಸುತ್ತಿಟ್ಟರಂತೂ ಥಂಡಿ ಅಲ್ಲೇ ನಿಲ್ಲುತ್ತೆ. ಹೊಡೆದ ಮೇಲೆ ನಳಿಗೆಯಲ್ಲಿ ಉಳಿಯೋ ಮದ್ದಿನ ಕಿಟ್ಟ ನೀರನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತೆ. ಬಿಸಿ ನೀರಿನಲ್ಲಿ ತೊಳೆದು, ಪೂರಾ ಒಣಗಿಸಿ, ತೆಳ್ಳಗೆ ಮಿಷನ್ ಎಣ್ಣೆ ಸವರಿ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ, ಹಗಲು ಹೊತ್ತು, ಮಕ್ಕಳು ಶಾಲೆಗೆ ಹೋಗಿದ್ದಾಗ. ಆಯುಧಪೂಜೆಗೆ ಹೊರಗಿಟ್ಟಾಗಲೂ ಗಜಕಡ್ಡಿ ಬಿಟ್ಟು ನೋಡಿ, ಆಮೇಲೆ ಕುಂಕುಮ ಇಡಿ.

ತೋಟಾ ಬಂದೂಕು ಇರುವವರು ಮುರಿದು ನೋಡಿ, ತೋಟಾ ತೆಗೆದು, ನಳಿಗೆಯನ್ನೂ ಹಿಡಿಯನ್ನೂ ಬಿಚ್ಚಿ ಬೇರೆ ಬೇರೆ ಇಡಬಹುದು. ಸೇಫ್ಟಿ ಗುಂಡಿ ಒತ್ತಿದೆ ಅಂತ ತುಂಬಿದ್ದನ್ನು ಗೋಡೆಗೆ ಒರಗಿಸಬೇಡಿ. ಆ ಗುಂಡಿಯನ್ನು ಮಗುವೂ ಸರಿಸಬಹುದು.

ಕಾನೂನು ಏನು ಹೇಳುತ್ತೆ

ಆಯುಧ ಕಾಯಿದೆ 1959ರದು, ಅದರ ಈಗಿನ ನಿಯಮಗಳು 2016ರವು. ಹೊಸದಾಗಿ ಅರ್ಜಿ ಹಾಕುವಾಗ ಆಯುಧವನ್ನು ಭದ್ರವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಲೈಸೆನ್ಸಿನ ಷರತ್ತು ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಳ್ಳನಿಗೆ ಹೊಡೆಯೋಕೆ ಹಕ್ಕಿದೆ ಅಂತ ಕಟ್ಟೆ ಮೇಲೆ ಕೂತು ಮಾತಾಡೋದು ಸುಲಭ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕು ಇದೆ, ಆದರೆ ಅದಕ್ಕೆ ಮಿತಿ ಇದೆ. ಅಪಾಯಕ್ಕೆ ಎಷ್ಟು ಬೇಕೋ ಅಷ್ಟೇ. ಒಂದು ಮೂಟೆ ಕಡಲೆಕಾಯಿ ಹೊತ್ತು ಓಡುವವನ ಬೆನ್ನಿಗೆ ಗುಂಡು ಹೊಡೆಯುವ ಹಕ್ಕು ನಮಗಿಲ್ಲ. ಮೂಟೆ ಹೋದರೆ ಮುಂದಿನ ಮಳೆಗೆ ಬೆಳೆಯಬಹುದು. ಹಂದಿ ವಿಷಯದಲ್ಲೂ ಅಷ್ಟೇ. ಬಂದೂಕಿಗೆ ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯೋಕೆ ಪರವಾನಗಿ ಸಿಕ್ಕ ಹಾಗಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಮನಸ್ಸು ಕೆಟ್ಟ ದಿನಗಳಲ್ಲಿ

ಇದನ್ನು ಬರೆಯಲೋ ಬೇಡವೋ ಅಂತ ಅನುಮಾನಿಸಿದೆ. ನಮ್ಮ ಸೀಮೆಯಲ್ಲಿ ಬರ ಬಂದಾಗ, ಸಾಲಗಾರರು ಬಾಗಿಲಿಗೆ ಬಂದಾಗ ಗಂಡಸರು ಮಾತು ಬಿಡುತ್ತಾರೆ, ಊಟ ಬಿಡುತ್ತಾರೆ, ರಾತ್ರಿ ನಿದ್ದೆ ಬಿಡುತ್ತಾರೆ. ಅಂಥ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯೂ ಬಂದೂಕೂ ಕೈಗೆ ಸಿಗುವಂತೆ ಇರಬಾರದು. ಕೆಟ್ಟ ಯೋಚನೆ ಎಷ್ಟೋ ಸಲ ಬಂದು ಹೋಗುತ್ತೆ. ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಬೀಗ ಆ ಗಳಿಗೆಯನ್ನು ದಾಟಿಸುತ್ತೆ. ಲೈಸೆನ್ಸುದಾರನಿಗೇ ಹಾಗಾಗಿದ್ದರೆ ಬೀಗವೂ ಸಾಲದು, ಕೀಲಿ ಅವನ ಸೊಂಟದಲ್ಲೇ ಇರುತ್ತಲ್ಲ. ಆಗ ಬಂದೂಕನ್ನು ಠಾಣೆಯಲ್ಲೋ, ಲೈಸೆನ್ಸಿರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ತಗೊಳ್ಳಿ. ಅದರಲ್ಲಿ ಮರ್ಯಾದೆ ಹೋಗೋದು ಏನೂ ಇಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಟೆಲಿಮಾನಸ್ ಫೋನು 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಬಂದೂಕಿಲ್ಲದ ರಾತ್ರಿಗಳು

ಚುನಾವಣೆ ಬಂದಾಗ ಆಯುಧ ಠಾಣೆಗೆ ಒಪ್ಪಿಸಬೇಕು. 2023ರ ವಿಧಾನಸಭೆ, 2024ರ ಲೋಕಸಭೆ ಎರಡು ಸಲವೂ ವಾರಗಟ್ಟಲೆ ನಮ್ಮ ಮನೆಯಲ್ಲಿ ಬಂದೂಕಿರಲಿಲ್ಲ. ಮೊದಲ ಸಲ ಮನೆಯವಳಿಗೆ ‘ನಿದ್ದೆ ಬರುತ್ತೋ ಇಲ್ವೋ’ ಅಂದೆ. ಚೆನ್ನಾಗೇ ಬಂತು. ಆಗ ಮನೆ ಕಾದಿದ್ದು ಯಾರು ಅಂತ ಲೆಕ್ಕ ಹಾಕಿದೆ. ನಾಯಿ, ಕಣಕ್ಕೆ ಕಾಣುವಂತೆ ಹಾಕಿದ ಒಂದು ಬಲ್ಬು, ಬಾಗಿಲ ಒಳಚಿಲಕ, ಚಾರ್ಜು ಇರುವ ಟಾರ್ಚು, ತಮ್ಮನ ಫೋನ್ ನಂಬರು, ಪೊಲೀಸಿನ 112. ಬಂದೂಕು ಇದ್ದಾಗಲೂ ಇವೇ ಕಾಯುತ್ತಿದ್ದವು. ನಾನು ತಿಳಿದಿರಲಿಲ್ಲ ಅಷ್ಟೇ.

ತಮ್ಮ ಈಗಲೂ ರಾತ್ರಿ ಮೋಟರು ಹಾಕೋಕೆ ಏಳುತ್ತಾನೆ. ಹನಿ ಬಿದ್ದರೆ ನಮ್ಮ ಮೆದೆ ಮುಚ್ಚೋಕೂ ಬರುತ್ತಾನೆ. ಡಾಕ್ಟರು ಹೇಳಿದ ಮೇಲೆ ಬೀಡಿ ಬಿಟ್ಟಿದ್ದಾನೆ, ಈಗ ಕೆಮ್ಮು ಇಲ್ಲ. ಬೀಗ ಇದೆ.

ನೆನಪಿಗೆ ನಾಲ್ಕು ಮಾತು

1. ಮನೆಯೊಳಗೆ ತರುವ ಮೊದಲು ಖಾಲಿ ಮಾಡಿ, ಗಜಕಡ್ಡಿಯ ಗೀರು ನೋಡಿ.

2. ಬಂದೂಕು ಒಂದು ಬೀಗದಲ್ಲಿ. ಮದ್ದು, ಕೇಪು, ತೋಟಾ ಇನ್ನೊಂದರಲ್ಲಿ. ಕೀಲಿ ಲೈಸೆನ್ಸುದಾರನ ಮೈಮೇಲೆ.

3. ರಾತ್ರಿ ಸದ್ದಾದರೆ ಮೊದಲು ದೀಪ, ಆಮೇಲೆ ಕೂಗು, ಆಮೇಲೆ ಫೋನು.

4. ಕುಡಿದಾಗ, ಜಗಳವಾದಾಗ, ಮನಸ್ಸು ಸರಿಯಿಲ್ಲದಾಗ ಪೆಟ್ಟಿಗೆ ತೆಗೆಯಬೇಡಿ.

ಇದಕ್ಕಿಂತ ಒಳ್ಳೆಯ ಏರ್ಪಾಡು ಮಾಡಿಕೊಂಡವರು ಪತ್ರಿಕೆಗೆ ಬರೆಯಿರಿ. ನಾಲ್ಕು ಜನಕ್ಕೆ ಉಪಯೋಗವಾಗಲಿ.